ಹಟ್ಟಿಗೆ ಹೋದ ಮಿಕ್ಸರ್

ಚಿತ್ರದುರ್ಗದಿಂದ ಚಳ್ಳಕೆರೆಗೆ ಹೋಗೋ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಬ್ಯಾಗನ್ನ ಕಾಲಲ್ಲಿ ಸರಿಸೋಕೆ ನೋಡಿದರು. ಅದು ಜಗ್ಗಲಿಲ್ಲ. "ಏನ್ರೀ ಇದು, ಕಲ್ಲು ತುಂಬಿದೀರಾ?" ಅಂದರು. "ಮಿಕ್ಸರ್" ಅಂದೆ. "ಯಾವ ಕಂಪನೀದು? ನಮ್ಮನೇದು ಆರೇ ತಿಂಗಳಿಗೆ ಜಾರ್ ಹೋಯ್ತು ನೋಡಿ" ಅಂತ ಶುರು ಮಾಡಿದರು. ಭಾರ ಮಿಕ್ಸರಿನದಲ್ಲ, ಜೊತೆಗಿರೋ ಎರಡು ಬ್ಯಾಟರಿಗಳದು ಅಂತ ಹೇಳೋಣ ಅಂದುಕೊಂಡೆ. ಬ್ಯಾಟರಿ ಮೇಲೆ ಓಡೋ ಮಿಕ್ಸಿ ಎಲ್ಲಿ ಸಿಗುತ್ತೆ ಅಂತ ಕೇಳಿಬಿಟ್ಟರೆ ಅಂತ ಸುಮ್ಮನಾದೆ :)

ಇದು ಚಟ್ನಿ ಮಾಡೋ ಮಿಕ್ಸರ್ ಅಲ್ಲ. ಆಡಿಯೋ ಮಿಕ್ಸರ್. ಊಟದ ತಟ್ಟೆಯಷ್ಟು ಅಗಲ, ಮೇಲೆಲ್ಲ ತಿರುಪು ಗುಂಡಿಗಳು. ನಾಲ್ಕೈದು ಮೈಕುಗಳ ದನಿಯನ್ನ ಬೇಕಾದ ಹದದಲ್ಲಿ ಬೆರೆಸಿ ಒಂದೇ ದನಿ ಮಾಡಿ ಹೊರಗೆ ಕಳಿಸೋದು ಅದರ ಕೆಲಸ. ಸ್ಟುಡಿಯೋದಲ್ಲಿ ಕೂತು ಇದನ್ನ ನಡೆಸೋದು ಯಾರಿಗೂ ಕಷ್ಟವಲ್ಲ. ಬಯಲಿಗೆ ಒಯ್ದು, ಅಲ್ಲಿಂದ ನೇರ ಪ್ರಸಾರ ಮಾಡೋಕೆ ಹೊರಟಾಗ ಎರಡೇ ಎರಡು ಪ್ರಶ್ನೆ ಏಳುತ್ತವೆ. ಇದಕ್ಕೆ ಕರೆಂಟ್ ಎಲ್ಲಿಂದ? ಇದರ ದನಿ ಸ್ಟುಡಿಯೋ ತನಕ ಹೋಗೋದು ಹೇಗೆ? ಉಳಿದಿದ್ದೆಲ್ಲ ಆಮೇಲೆ.

ನಾವು ನಾಲ್ಕು ಜನ ಸ್ನೇಹಿತರು ಬಿಡುವಿನಲ್ಲಿ ಕೈ ಜೋಡಿಸೋ ಒಂದು ಪುಟ್ಟ ಸಮುದಾಯ ರೇಡಿಯೋ ಇದೆ. ಹೆಸರು ಬೇಡ ಬಿಡಿ. ನಮ್ಮ ದೇಶದಲ್ಲಿ ಸಮುದಾಯ ರೇಡಿಯೋಗೆ ಮೊದಲು ಬಾಗಿಲು ತೆರೆದಿದ್ದು 2002ರ ಕೊನೆಯಲ್ಲಿ, ಅದೂ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. 2006ರಲ್ಲಿ ಸಂಘ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಆದರೆ ಶಕ್ತಿ ನೂರು ವಾಟಿನ ಲೆಕ್ಕದಲ್ಲಿ. ಹತ್ತು ಹನ್ನೆರಡು ಕಿಲೋಮೀಟರ್ ಮುಟ್ಟಿದರೆ ಪುಣ್ಯ. ಹಾಗಾಗಿ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ದನಿ ನಮ್ಮ ರೇಡಿಯೋದಲ್ಲಿ ಬರಬೇಕು ಅಂದ್ರೆ ನಾವೇ ಗಂಟು ಕಟ್ಟಿಕೊಂಡು ಹೋಗಬೇಕು. ಅಲ್ಲಿಯವರು ಕೇಳಬೇಕು ಅಂದ್ರೆ ಫೋನಿನಲ್ಲಿ ಇಂಟರ್ನೆಟ್ ಮೂಲಕ ಕೇಳಬೇಕು.

ಮೊದಲ ಸಲ ಹೋಗಿದ್ದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ನೇಯುವ ಒಬ್ಬರ ಮನೆಗೆ. ಮಗ್ಗದ ಸದ್ದು, ನೇಕಾರರ ಮಾತು, ಅಷ್ಟೇ ಕಾರ್ಯಕ್ರಮ. ನಾನು ಎಲ್ಲಿ ಹೋದರೂ ಮೊದಲು ಮಲ್ಟಿಮೀಟರ್ ತೆಗೆಯುತ್ತೇನೆ. ಸ್ನೇಹಿತರು ನಗುತ್ತಾರೆ, ನಗಲಿ. ಆ ಮನೆಯ ಪ್ಲಗ್ಗಿನಲ್ಲಿ 230 ಇರಬೇಕಾದ ಕಡೆ 168 ವೋಲ್ಟ್ ತೋರಿಸಿತು. ಅರ್ತಿಂಗ್ ತಂತಿ ಪ್ಲಗ್ಗಿನ ಹಿಂದೆ ಎಲ್ಲಿಗೂ ಹೋಗಿರಲಿಲ್ಲ. ಮನೆಯವರು "ತ್ರೀ ಫೇಸ್ ಬಂದಿದೆ ಸಾರ್, ಈಗ ಎಲ್ಲಾ ಬೋರ್‌ವೆಲ್ ಶುರು" ಅಂದರು. ಅದೇ ವಿಷಯ. ಹೊಲದ ಪಂಪುಗಳಿಗೆಲ್ಲ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ತ್ರೀ ಫೇಸ್ ಬಂದ ಕ್ಷಣ ಎಲ್ಲವೂ ಒಟ್ಟಿಗೇ ಎದ್ದು ಕೂರುತ್ತವೆ, ವೋಲ್ಟೇಜ್ ಪಾತಾಳಕ್ಕೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಶೇಂಗಾಕ್ಕೋ ಈರುಳ್ಳಿಗೋ ನೀರು ಬಿಡೋ ರೈತನಿಗೆ ನಿಮ್ಮ ಪಂಪು ನಿಲ್ಲಿಸಿ, ನಮ್ಮ ಮಿಕ್ಸರ್ ಗುಂಯ್ ಅಂತಿದೆ ಅಂತ ಹೇಳೋಕಾಗುತ್ತಾ?

ಅವತ್ತಿಂದ ನಮ್ಮ ತಂಡದಲ್ಲಿ ಒಂದು ನಿಯಮ. ಕರೆಂಟ್ ಕೇಳಬೇಡಿ, ಕೊಟ್ಟರೂ ತಗೋಬೇಡಿ.

ಸರಿ, ಬ್ಯಾಟರಿ ಹಾಕೋಣ ಅಂದರೆ ಅಲ್ಲೂ ಒಂದು ತಮಾಷೆ. ಅಂಗಡಿಯಲ್ಲಿ ಸಿಗೋ ಸಣ್ಣ ಮಿಕ್ಸರುಗಳಲ್ಲಿ ಬಹಳಷ್ಟರ ಅಡಾಪ್ಟರ್ ಕೊಡೋದು ಡಿಸಿ ಅಲ್ಲ, ಎಸಿ! ಹದಿನೆಂಟು ವೋಲ್ಟಿನ ಆಸುಪಾಸು ಎಸಿ. ಮಿಕ್ಸರಿನ ಹೊಟ್ಟೆಯೊಳಗೆ ಪ್ಲಸ್ ಒಂದು, ಮೈನಸ್ ಒಂದು, ಜೊತೆಗೆ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಮತ್ತೊಂದು, ಹೀಗೆ ಮೂರು ಥರದ ವೋಲ್ಟೇಜ್ ಬೇಕು. ಎಸಿ ಕೊಟ್ಟರೆ ಡಯೋಡು ಕೆಪಾಸಿಟರುಗಳಲ್ಲೇ ಅಗ್ಗವಾಗಿ ಮಾಡಿಕೊಳ್ಳಬಹುದು. ಅದಕ್ಕೆ ಕಂಪನಿಯವರು ಹಾಗೆ ಮಾಡ್ತಾರೆ. ಇಂಥದ್ದಕ್ಕೆ ಬ್ಯಾಟರಿಯ ಎರಡು ತಂತಿ ಚುಚ್ಚಿದರೆ ಅದು ಏಳೋದಿಲ್ಲ. ಇನ್ವರ್ಟರ್ ಇಡಬೇಕು. ಅಗ್ಗದ ಇನ್ವರ್ಟರಿನ ಅಲೆ ಸೈನ್ ಅಲೆ ಅಲ್ಲ, ಮೆಟ್ಟಿಲು ಮೆಟ್ಟಿಲು. ಆ ಮೆಟ್ಟಿಲಿನ ಸದ್ದು ಜೇನುಹುಳದ ಥರ ಮೈಕಿನಲ್ಲಿ ಕೇಳುತ್ತೆ. ಪ್ಯೂರ್ ಸೈನ್ ಇನ್ವರ್ಟರ್ ತಂದರೆ ಅದರ ಭಾರ, ಅದರ ದುಡ್ಡು, ಮೇಲೆ ಅದು ಸುಮ್ಮನೆ ಕೂತೇ ಕುಡಿಯೋ ಕರೆಂಟು. ಆದ್ದರಿಂದ ಕೊಳ್ಳುವಾಗಲೇ ಅಡಾಪ್ಟರಿನ ಬೆನ್ನಿನ ಮೇಲೆ ಏನು ಬರೆದಿದೆ ಅಂತ ಓದಿ. ಔಟ್‌ಪುಟ್ 12 ವೋಲ್ಟ್ ಡಿಸಿ ಅಥವಾ ಯುಎಸ್‌ಬಿಯ 5 ವೋಲ್ಟ್ ಇದ್ದರೆ ತಗೊಳ್ಳಿ. ಈಗ ನಾಲ್ಕು ಪೆನ್‌ಟಾರ್ಚ್ ಸೆಲ್ಲಿನಲ್ಲಿ ಓಡೋ ಮಿಕ್ಸರುಗಳೂ ಬಂದಿವೆ, 2019ರಲ್ಲಿ ಬಂದ ಜೂಮ್ ಎಲ್-8 ಅಂಥದ್ದು. ನಮ್ಮದು ಅದಲ್ಲ, 12 ವೋಲ್ಟಿನ ಹಳೇ ಬಡಪಾಯಿ.

ಅದಕ್ಕೆ ನಾವು ಹಾಕೋದು ಯುಪಿಎಸ್ ಒಳಗಿರುತ್ತಲ್ಲ, ಆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಲೆಕ್ಕ ಸುಲಭ. ಹನ್ನೆರಡು ಏಳಲಿ ಎಂಬತ್ತನಾಲ್ಕು ವಾಟ್-ಅವರ್. ಸೀಸದ ಬ್ಯಾಟರಿಯನ್ನ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತೆ, ಹಾಗಾಗಿ ಕೈಗೆ ಸಿಗೋದು ನಲವತ್ತೆರಡು. ಮಿಕ್ಸರ್ ಹತ್ತು ವಾಟ್ ತಿನ್ನುತ್ತೆ ಅಂದ್ರೆ ನಾಲ್ಕು ಗಂಟೆ. ಎರಡು ಬ್ಯಾಟರಿ ಇದ್ದರೆ ರಾತ್ರಿಯ ಪದಗಳಿಗೆ ಧಾರಾಳ. ಪ್ಲಸ್ ತುದಿಯಲ್ಲಿ 2 ಆಂಪಿಯರ್ ಫ್ಯೂಸ್ ಹಾಕಲೇಬೇಕು. ಸಣ್ಣ ಬ್ಯಾಟರಿ ಅಂತ ತಾತ್ಸಾರ ಬೇಡ, ಎರಡು ತುದಿ ಒಂದಕ್ಕೊಂದು ತಗುಲಿದರೆ ತಂತಿ ಕೆಂಪಗಾಗಿ ಕರಗುವಷ್ಟು ಕರೆಂಟು ಅದರಲ್ಲಿದೆ. ಕಾರಿನ ಬ್ಯಾಟರಿಯಿಂದಲೂ ಮಾಡಬಹುದು, ಎಂಜಿನ್ ಆಫ್ ಇರಬೇಕಷ್ಟೆ. ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರಿನ ಕೀರಲು ದನಿ ನಿಮ್ಮ ಕಾರ್ಯಕ್ರಮದಲ್ಲಿ ಹಿನ್ನೆಲೆ ಸಂಗೀತ.

ಪವರ್‌ಬ್ಯಾಂಕ್ ಬಗ್ಗೆ ಎಲ್ಲರೂ ಕೇಳ್ತಾರೆ. ಯುಎಸ್‌ಬಿ ಮಿಕ್ಸರಿಗೆ ಆಗುತ್ತೆ. ಆದರೆ ಎರಡು ಮಾತು. ಕೆಲವು ಪವರ್‌ಬ್ಯಾಂಕ್‌ಗಳು ಕರೆಂಟ್ ತೀರಾ ಕಡಿಮೆ ಎಳೆದರೆ ಫೋನ್ ಚಾರ್ಜ್ ಮುಗೀತು ಅಂದುಕೊಂಡು ತಾವೇ ಮಲಗಿಬಿಡುತ್ತವೆ. ಎರಡನೆಯದು, ಒಂದೇ ಪವರ್‌ಬ್ಯಾಂಕಿನಿಂದ ಮಿಕ್ಸರನ್ನೂ ಫೋನನ್ನೂ ನಡೆಸಬೇಡಿ. ಆ ಎರಡರ ನಡುವೆ ಆಡಿಯೋ ತಂತಿ ಮೊದಲೇ ಇರುತ್ತೆ, ಈಗ ಕರೆಂಟಿನ ತಂತಿಯ ಮೂಲಕ ಇನ್ನೊಂದು ದಾರಿ ಆಯಿತು. ಆ ಸುತ್ತಿನಲ್ಲಿ ಸಣ್ಣದಾಗಿ ಶಿಳ್ಳೆ ಹೊಡೆಯೋಕೆ ಶುರುವಾಗುತ್ತೆ. ಫೋನು ತನ್ನ ಬ್ಯಾಟರಿಯ ಮೇಲೇ ಇರಲಿ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಸ್ವಲ್ಪ ಗುಂಯ್ ಅಂದರೆ ಏನಾಯ್ತು ಅನ್ನಬಹುದು ನೀವು. ಭಾಷಣಕ್ಕೆ ಏನೂ ಆಗೋದಿಲ್ಲ. ನಾವು ಹೊರಟಿದ್ದು ಭಾಷಣಕ್ಕಲ್ಲ.

2023ರ ಜನವರಿ. ಚಳ್ಳಕೆರೆ ತಾಲೂಕಿನ ಒಂದು ಗೊಲ್ಲರಹಟ್ಟಿ. ಇದು ಕಾಡುಗೊಲ್ಲರ ಸೀಮೆ. ಸಾವಿರಾರು ತ್ರಿಪದಿಗಳನ್ನ ನೆನಪಿನಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿ ಇದೇ ತಾಲೂಕಿನವರು. ಕೃಷ್ಣಮೂರ್ತಿ ಹನೂರರು ಅವರ ಪದಗಳನ್ನ ಸಂಗ್ರಹಿಸದೆ ಹೋಗಿದ್ದರೆ ನಮ್ಮಂಥವರಿಗೆ ಆ ಹೆಸರೂ ಗೊತ್ತಾಗುತ್ತಿರಲಿಲ್ಲ. ನಾವು ಹೋಗಿದ್ದು ಅಷ್ಟೇನೂ ಹೆಸರಿಲ್ಲದ, ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನ ಕೇಳೋಕೆ. ಜುಂಜಪ್ಪನ ಪದ ಹೇಳ್ತೀನಿ ಅಂತ ಒಪ್ಪಿದ್ದರು. ಆದರೆ ಒಂದು ಷರತ್ತು. ಒಂದೇ ಸಲ. ದೇವರ ಪದವನ್ನ "ಟೆಸ್ಟಿಂಗ್" ಅಂತ ಹಾಡೋಕಾಗಲ್ಲ, ನಿಲ್ಲಿಸಿ ಮತ್ತೆ ಹಾಡು ಅಂದರೂ ಆಗಲ್ಲ.

ಇನ್ನೊಂದು ವಿಷಯ ಅವರ ಮೊಮ್ಮಗ ಹೇಳಿದ. ಅಜ್ಜಿಗೆ ಒಬ್ಬ ಅಕ್ಕ ಇದ್ದಾರೆ. ಮೊಳಕಾಲ್ಮೂರಿನ ಆಚೆ, ರಾಯದುರ್ಗದ ಗಡಿಯ ಹತ್ತಿರದ ಹಟ್ಟಿಗೆ ಮದುವೆಯಾಗಿ ಹೋದವರು. ಚಿಕ್ಕವರಿದ್ದಾಗ ಇಬ್ಬರೂ ಜೋಡಿಯಾಗಿ ಹಾಡುತ್ತಿದ್ದರಂತೆ. ಅಕ್ಕ ಎತ್ತಿಕೊಡೋದು, ತಂಗಿ ಹಿಂದೆ ಹೇಳೋದು. ಸೊಂಟ ಮುರಿದು ಮೂರು ವರ್ಷದಿಂದ ಅಕ್ಕ ಹಾಸಿಗೆ ಬಿಟ್ಟು ಎದ್ದಿಲ್ಲ. ತಂಗಿಗೆ ಅಷ್ಟು ದೂರ ಬಸ್ಸಿನಲ್ಲಿ ಕೂರೋ ಶಕ್ತಿ ಇಲ್ಲ. "ಅವ್ಳಿಗೆ ಕೇಳಂಗೆ ಮಾಡ್ತೀರೇನಪ್ಪಾ?" ಅನ್ನೋದು ಅಜ್ಜಿ ನಮ್ಮನ್ನ ಕೇಳಿದ ಮೊದಲ ಮಾತು. ರೇಡಿಯೋ ಗೀಡಿಯೋ ಅವರಿಗೆ ಬೇಕಿರಲಿಲ್ಲ.

ಹಾಗಾಗಿ ಒಂದು ವಾರ ಮುಂಚೆ ಆ ಅಕ್ಕನ ಮನೆಗೂ ಹೋಗಿ ಬಂದೆ. ಬಂಡೆಗುಂಡುಗಳ ನಡುವೆ ಮನೆ. ಫೋನು ಒಮ್ಮೆ ಕರ್ನಾಟಕದ ಟವರ್ ಹಿಡಿಯುತ್ತೆ, ಇನ್ನೊಮ್ಮೆ ಆಂಧ್ರದ್ದು. ಜನ ಮಾತಾಡೋದೂ ಹಾಗೇ, ಅರ್ಧ ವಾಕ್ಯ ಕನ್ನಡ ಅರ್ಧ ತೆಲುಗು. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ನಿಲ್ಲುತ್ತೆ ನೋಡಿ, ಗೂಡಿನ ಮೇಲೆ ಬಳಪದಲ್ಲಿ ಗುರುತು ಹಾಕಿ, ಅವರ ಮನೆಯ ಹುಡುಗನಿಗೆ ಫೋನ್ ಇಲ್ಲೇ ಇಡಬೇಕು ಅಂತ ಹೇಳಿ ಬಂದೆ.

ಹಟ್ಟಿಯಲ್ಲಿ ಗುಡಿಯ ಮುಂದೆ ಚಪ್ಪಲಿ ಹಾಕಿ ಹೋಗುವ ಹಾಗಿಲ್ಲ. ಚರ್ಮದ್ದು ಏನೂ ಬರಬಾರದು. ಒಬ್ಬ ಹಿರಿಯರು ನನ್ನ ಬ್ಯಾಟರಿ ಚೀಲವನ್ನ ಮುಟ್ಟಿ ಮುಟ್ಟಿ ನೋಡಿ, ರೆಕ್ಸಿನ್ ಅಂತ ಖಾತ್ರಿಯಾದ ಮೇಲೆ ಒಳಗೆ ಬಿಟ್ಟರು. ಬರಿಗಾಲಲ್ಲಿ ಕೇಬಲ್ ಎಳೆಯೋದು ಅಲ್ಲಿನ ಮುಳ್ಳಿನ ನಡುವೆ ಸುಮ್ಮನೆ ಅಲ್ಲ. ಬಾರೆಕಳ್ಳೆಯ ಗುಡಿಯನ್ನ ಬರಿಗಾಲಲ್ಲಿ ಹತ್ತಿ ಕಳಶ ಕೀಳುವ ಕ್ಯಾತೇದೇವರ ಜಾತ್ರೆ ನಡೆಸೋ ಜನ ಅವರು, ನಮ್ಮ ಕುಂಟಾಟ ನೋಡಿ ಹುಡುಗರೆಲ್ಲ ನಕ್ಕಿದ್ದೇ ನಕ್ಕಿದ್ದು.

ಮೂರು ಮೈಕು. ಅಜ್ಜಿಗೆ ಒಂದು ಸಾಧಾರಣ ಡೈನಮಿಕ್ ಮೈಕ್. ಅದಕ್ಕೆ ಕರೆಂಟೇ ಬೇಡ. ಆ ಬಯಲಿನ ಗಾಳಿಗೆ ಸ್ಪಂಜಿನ ಟೋಪಿ ಸಾಲದು ಅಂತ ಮೇಲೊಂದು ಕಾಲುಚೀಲ (ಒಗೆದದ್ದೇ!). ಉರುಮೆಗೆ ಇನ್ನೊಂದು ಡೈನಮಿಕ್, ಆರು ಅಡಿ ದೂರದಲ್ಲಿ. ಮ್ಯಾಸಬೇಡರ ಊರಿನಿಂದ ಬಂದಿದ್ದ ಉರುಮೆ ಅದು. ಹತ್ತಿರ ಇಟ್ಟರೆ ಅದರ ಗುಟುರಿಗೆ ಉಳಿದ ಎಲ್ಲವೂ ಮುಚ್ಚಿಹೋಗುತ್ತೆ. ಮೂರನೆಯದು ಗಣೆಗೆ. ಗಣೆ ನೋಡಿದ್ದೀರಾ? ಉದ್ದನೆಯ ಬಿದಿರ ಕೊಳಲು. ಜುಂಜಪ್ಪನ ಕೈಯಲ್ಲಿದ್ದದ್ದು ಇದೇ ಅಂತ ಕತೆ. ನಮ್ಮ ಸಂಗೀತ ಕಛೇರಿಯ ಕೊಳಲಿನ ಹಾಗೆ ಇಂಪಾಗಿ ಚುಚ್ಚೋದಿಲ್ಲ. ತಗ್ಗು ದನಿ, ಅರ್ಧ ಸ್ವರ ಅರ್ಧ ಉಸಿರು. ಅಷ್ಟು ಮೆಲ್ಲಗಿನದನ್ನ ಹಿಡಿಯೋಕೆ ಕಂಡೆನ್ಸರ್ ಮೈಕೇ ಬೇಕು. ಅದಕ್ಕೆ ಮಿಕ್ಸರಿನಿಂದಲೇ ತಂತಿಯ ಮೂಲಕ 48 ವೋಲ್ಟ್ ಹೋಗಬೇಕು. ಮೇಲೆ ಆ ಚಾನೆಲ್ಲಿನ ಗೇನ್ ಮುಕ್ಕಾಲು ತಿರುಗಿಸಬೇಕು. ಗೇನ್ ಅಷ್ಟು ಏರಿಸಿದರೆ ಉಸಿರೂ ಕೇಳುತ್ತೆ, ಕೆಟ್ಟ ಕರೆಂಟಿನ ಗುಂಯ್ ಕೂಡ ಅಷ್ಟೇ ಕೇಳುತ್ತೆ. ಐವತ್ತು ಹರ್ಟ್ಸಿನ ಗುಂಯ್‌ಗೂ ಗಣೆಯ ಉಸಿರಿಗೂ ಜಗಳ ಬಿದ್ದರೆ ಗೆಲ್ಲೋದು ಗುಂಯ್. ನಮ್ಮ ಬ್ಯಾಟರಿ ಹಟ ಇರೋದು ಇದಕ್ಕೇ.

ಊರಿನವರು ಸ್ವಂತ ಉತ್ಸಾಹದಿಂದ ಮೈಕ್‌ಸೆಟ್ಟನ್ನೂ ತರಿಸಿಬಿಟ್ಟಿದ್ದರು. ಎರಡು ಹಾರ್ನು, ಕಂಬದಿಂದ ಕರೆಂಟು. ಬೇಡ ಅನ್ನೋದು ಹೇಗೆ? ಅಜ್ಜಿಯ ದನಿ ಅವರಿಗೂ ಕೊಡಬೇಕಾಯಿತು. ಅವರ ಆಂಪ್ಲಿಫೈಯರಿನ ನೆಲವೇ ಬೇರೆ, ನಮ್ಮ ಬ್ಯಾಟರಿಯ ನೆಲವೇ ಬೇರೆ. ಸುಮ್ಮನೆ ತಂತಿ ಸಿಕ್ಕಿಸಿದರೆ ಅವರ ರೋಗ ನಮಗೆ ಅಂಟುತ್ತೆ. ನಡುವೆ ಒಂದಕ್ಕೊಂದರ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಟ್ಟೆ. ಬೆಂಕಿಪೆಟ್ಟಿಗೆಯಷ್ಟು ದಪ್ಪದ್ದು. ಅದರಲ್ಲಿ ದನಿ ಅಯಸ್ಕಾಂತದ ಮೂಲಕ ದಾಟುತ್ತೆ, ತಾಮ್ರ ತಾಮ್ರಕ್ಕೆ ಮುಟ್ಟೋದಿಲ್ಲ. ಕೆಲವರು ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದು ಹಾಕುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಆಂಪ್ಲಿಫೈಯರಿನ ಒಳಗೆ ಎಲ್ಲಾದರೂ ಸೋರಿದರೆ ಕರೆಂಟ್ ಹುಡುಕೋದು ಮೈಕ್ ಹಿಡಿದವರ ಕೈಯನ್ನ.

ಇನ್ನು ದನಿ ಸ್ಟುಡಿಯೋಗೆ ಹೋಗೋದು. ಆಕಾಶವಾಣಿಯವರು ಹಿಂದೆ ಇದಕ್ಕೆ ಟೆಲಿಫೋನ್ ಇಲಾಖೆಯಿಂದ ಮೊದಲೇ ಲೈನ್ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಮಗೆ ಒಂದು ಸ್ಮಾರ್ಟ್‌ಫೋನ್. ಮಿಕ್ಸರಿನಿಂದ ಹೊರಡೋ ದನಿ ಒಂದು ವೋಲ್ಟಿನ ಆಸುಪಾಸು. ಫೋನಿನ ಮೈಕ್ ತೂತಿಗೆ ಬೇಕಾಗಿರೋದು ಒಂದೆರಡು ಮಿಲಿವೋಲ್ಟು. ಹಾಗೇ ಕೊಟ್ಟರೆ ಬರೀ ಬಿರುಕು ದನಿ. ಎರಡು ರೆಸಿಸ್ಟರ್ ಹಾಕಿ ತಗ್ಗಿಸಬೇಕು. ಜೊತೆಗೊಂದು ಕೆಪಾಸಿಟರ್, ಯಾಕೆಂದರೆ ಫೋನು ತನ್ನ ಕಡೆಯಿಂದ ಎರಡು ವೋಲ್ಟಿನಷ್ಟು ಡಿಸಿ ಹೊರಗೆ ಬಿಡುತ್ತೆ. ನಾಲ್ಕು ಪಟ್ಟಿಯ ಆ ಜ್ಯಾಕಿನಲ್ಲಿ ತುದಿ ಎಡಗಿವಿ, ಆಮೇಲೆ ಬಲಗಿವಿ, ಆಮೇಲೆ ನೆಲ, ಬುಡದಲ್ಲಿ ಮೈಕು. ಹಳೇ ಕೆಲವು ಫೋನುಗಳಲ್ಲಿ ಕೊನೆಯ ಎರಡು ಅದಲುಬದಲು. ಇಂಟರ್ನೆಟ್ ಲೆಕ್ಕ ದೊಡ್ಡದೇನಲ್ಲ. 64 ಕಿಲೋಬಿಟ್ಟಿನಲ್ಲಿ ಕಳಿಸಿದರೆ ಗಂಟೆಗೆ 29 ಎಂಬಿ. ಎರಡು ಕಂಪನಿಯ ಸಿಮ್ ಇಟ್ಟುಕೊಂಡಿದ್ದೆವು. ಎರಡೂ ಕೈ ಕೊಟ್ಟರೆ ಸಾಮಾನ್ಯ ಫೋನ್ ಕರೆ. ಅದರಲ್ಲಿ 300 ಹರ್ಟ್ಸಿನ ಕೆಳಗಿನದು ಹೋಗೋದಿಲ್ಲ, ಅಂದರೆ ಉರುಮೆಯ ಗುಟುರು ಹಟ್ಟಿಯಲ್ಲೇ ಉಳಿಯುತ್ತೆ. ಅಜ್ಜಿಯ ದನಿ ಮಾತ್ರ ಹೋಗುತ್ತೆ. ಅಷ್ಟಾದರೂ ಸಾಕು ಅಂತ ಲೆಕ್ಕ.

ಎಲ್ಲರೂ ಮರೆಯೋದು ವಾಪಸ್ ಬರೋ ದನಿಯನ್ನ. ಸ್ಟುಡಿಯೋದವರು ಮಾತಾಡಿದ್ದು ನಮ್ಮ ಮಿಕ್ಸರಿಗೆ ಬರುತ್ತೆ. ಅದು ಮತ್ತೆ ಅವರಿಗೇ ಹೋದರೆ ಬಾವಿಯಲ್ಲಿ ಕೂಗಿದ ಹಾಗೆ, ಅವರದೇ ಮಾತು ಅರ್ಧ ಸೆಕೆಂಡ್ ಬಿಟ್ಟು ಅವರ ಕಿವಿಗೆ. ಇದಕ್ಕೆ ಮಿಕ್ಸ್-ಮೈನಸ್ ಅಂತಾರೆ. ಅವರ ದನಿ ಒಂದನ್ನ ಕಳೆದು, ಉಳಿದ ಎಲ್ಲವನ್ನೂ ಅವರಿಗೆ ಕಳಿಸೋದು. ಮಿಕ್ಸರಿನ ಆಕ್ಸ್ ಅನ್ನೋ ಗುಂಡಿಸಾಲಿನಲ್ಲಿ ಮೂರು ಮೈಕುಗಳನ್ನ ಏರಿಸಿ, ಫೋನಿನ ಚಾನೆಲ್ಲನ್ನ ಮಾತ್ರ ಪೂರ್ತಿ ಸೊನ್ನೆಗೆ ಇಟ್ಟು, ಆ ಆಕ್ಸಿನಿಂದ ಫೋನಿಗೆ ತಂತಿ. ಮುಗೀತು.

ರಾತ್ರಿ ಎಂಟಕ್ಕೆ ಶುರು. ಗಣೆ ಮೊದಲು, ಆಮೇಲೆ ಅಜ್ಜಿ. ಎಂಟೂ ಇಪ್ಪತ್ತರ ಹೊತ್ತಿಗೆ ಕಂಬದ ಕಡೆ ಚಟ್ ಅಂದಿತು. ಕರೆಂಟ್ ಹೋಯ್ತು. ಹಾರ್ನುಗಳು ಬಾಯಿ ಮುಚ್ಚಿದವು, ದೀಪಗಳೂ ಆರಿದವು. ಜನವೆಲ್ಲ "ಓ" ಅಂದರು. ಅಜ್ಜಿ ನಿಲ್ಲಿಸಲಿಲ್ಲ. ಅವರು ಹಾಡು ಕಲಿತಾಗ ಆ ಹಟ್ಟಿಗೆ ಕರೆಂಟೇ ಇರಲಿಲ್ಲವಲ್ಲ! ನನ್ನ ಮಿಕ್ಸರಿನ ಹಸಿರು ದೀಪ ಮಾತ್ರ ಕತ್ತಲಲ್ಲಿ ಕುಣೀತಾ ಇತ್ತು. ಇದೇ ತಾಲೂಕಿನ ಇನ್ನೊಂದು ಮೂಲೆಯಲ್ಲಿ ಮೂರು ತಿಂಗಳೂ ಕಳೆಯದೆ, ಏಪ್ರಿಲ್ 2ರಂದು, ಇಸ್ರೋದವರು ರೆಕ್ಕೆಯ ನೌಕೆಯೊಂದನ್ನ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗೇ ರನ್‌ವೇಗೆ ಇಳಿಯುವ ಹಾಗೆ ಮಾಡಿದರು. ಪತ್ರಿಕೆಯಲ್ಲಿ ಅದನ್ನ ಓದಿದಾಗ ನನಗೆ ನೆನಪಾಗಿದ್ದು ಆ ಹಸಿರು ದೀಪ.

ನಿಜ ಹೇಳಬೇಕೆಂದರೆ ಹಾರ್ನು ಸತ್ತಿದ್ದೇ ಒಳ್ಳೇದಾಯ್ತು. ಹಾರ್ನಿನ ದನಿ ಗಣೆಯ ಮೈಕಿಗೆ ನುಗ್ಗುತ್ತಿದ್ದದ್ದು ನಿಂತಿತು. ಜನ ಕತ್ತಲಲ್ಲಿ ಹತ್ತಿರ ಸರಿದು, ಸದ್ದಿಲ್ಲದೆ ಕೂತರು. ಹೆಡ್‌ಫೋನಿನಲ್ಲಿ ಗಣೆಯವನು ಉಸಿರು ಎಳೆದುಕೊಳ್ಳೋದೂ ಕೇಳುತ್ತಿತ್ತು.

ಒಂಬತ್ತರ ಸುಮಾರಿಗೆ ಪದ ಮುಗೀತು. ಸ್ಟುಡಿಯೋದಲ್ಲಿದ್ದ ಗೆಳತಿ ಮೊದಲೇ ಮಾತಾಡಿಕೊಂಡಂತೆ ಅಕ್ಕನ ಮನೆಗೆ ಫೋನ್ ಹಚ್ಚಿ, ಆ ಕರೆಯನ್ನ ನಮ್ಮ ಕಡೆ ತಿರುಗಿಸಿದಳು. ಪುಟ್ಟ ಸ್ಪೀಕರೊಂದನ್ನ ಅಜ್ಜಿಯ ಮುಂದೆ, ಮೈಕಿಗೆ ಬೆನ್ನು ಮಾಡಿ ಇಟ್ಟಿದ್ದೆ. ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಒಂದು ಒಣಗಿದ, ಗಟ್ಟಿ ದನಿ.

"ಮಧ್ಯದಾಗೆ ಎರಡು ಪದ ನುಂಗಿದ್ಯಲ್ಲೇ."

ಹಟ್ಟಿಯೆಲ್ಲ ನಗು. ಅಜ್ಜಿ ನಗಲಿಲ್ಲ. "ಎತ್ತಿಕೊಡಾಕೆ ನೀನೆಲ್ಲಿದ್ದೆ?" ಅಂದರು.

ಅತ್ತ ಕಡೆ ಮತ್ತೆ ಸುಮ್ಮನೆ. ಲೈನ್ ಕಟ್ ಆಯಿತಾ ಅಂತ ನಾನು ಫೋನ್ ನೋಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ನುಂಗಿಹೋದ ಆ ಪದವನ್ನ ಎತ್ತಿಕೊಟ್ಟರು. ಅರ್ಧ ಸೆಕೆಂಡಿಗೂ ಹೆಚ್ಚು ತಡವಾಗಿ ಬರೋ ಲೈನಿನಲ್ಲಿ ಇಬ್ಬರು ಒಟ್ಟಿಗೆ ಹಾಡೋದು ಸಾಧ್ಯವೇ ಇಲ್ಲ, ಯಾರನ್ನ ಬೇಕಾದರೂ ಕೇಳಿ. ಆದರೆ ಇವರು ಹಾಡುತ್ತಿದ್ದದ್ದು ಒಟ್ಟಿಗಲ್ಲವಲ್ಲ. ಅಕ್ಕ ಒಂದು ಸಾಲು, ಅದು ಪೂರ್ತಿ ಬಂದು ಮುಟ್ಟಿದ ಮೇಲೆ ತಂಗಿ ಅದೇ ಸಾಲು. ತಡ ಆದದ್ದು ಉಸಿರು ತಗೊಳ್ಳೋ ಜಾಗದಲ್ಲಿ ಸೇರಿಹೋಯಿತು. ಮಿಕ್ಸ್-ಮೈನಸ್ ಇದ್ದದ್ದರಿಂದ ಅಕ್ಕನಿಗೆ ತನ್ನ ದನಿ ವಾಪಸ್ ಕೇಳುತ್ತಿರಲಿಲ್ಲ, ತಂಗಿಯದು ಮಾತ್ರ ಕೇಳುತ್ತಿತ್ತು. ಸ್ಪೀಕರಿನ ಸದ್ದು ಸ್ವಲ್ಪ ಮೈಕಿಗೆ ಸೋರುತ್ತಿತ್ತು, ಬೆರಳಲ್ಲೇ ಅಜ್ಜಿಯ ಫೇಡರನ್ನ ಸಾಲಿಗೊಮ್ಮೆ ಏರಿಸಿ ಇಳಿಸುತ್ತಾ ಕೂತೆ. ಗಣೆಯವನು ಎರಡನೇ ಪದಕ್ಕೆ ಸೇರಿಕೊಂಡ. ಉರುಮೆಯವರು ಬಾರಿಸಲಿಲ್ಲ.

ಕಾರ್ಯಕ್ರಮ ಒಂಬತ್ತೂ ಕಾಲಿಗೆ ಮುಗಿಯಬೇಕಿತ್ತು. ಗೆಳತಿ ಮುಂದಿನ ರೆಕಾರ್ಡೆಡ್ ಕಾರ್ಯಕ್ರಮವನ್ನ ಕೇಳದೇನೆ ಕೈಬಿಟ್ಟಳು. ಒಂಬತ್ತೂ ನಲವತ್ತರ ಹೊತ್ತಿಗೆ ಅಕ್ಕನಿಗೆ ಕೆಮ್ಮು ಬಂತು. ಅವರ ಮನೆಯ ಹುಡುಗ "ಅಜ್ಜಿ ಸುಸ್ತಾದ್ಲು, ಇಡ್ತೀನಿ" ಅಂತ ಫೋನ್ ಇಟ್ಟ. ಕರೆಂಟ್ ಇನ್ನೂ ಬಂದಿರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಕೇಬಲ್ ಸುತ್ತುತ್ತಾ ಬ್ಯಾಟರಿಗೆ ಮೀಟರ್ ಹಿಡಿದೆ. 12.4 ವೋಲ್ಟ್. ಎರಡನೇ ಬ್ಯಾಟರಿಯನ್ನ ಚೀಲದಿಂದ ತೆಗೆದೇ ಇರಲಿಲ್ಲ.